ನಂಬರಿಲ್ಲದ ಹಡಗು

ಬಸ್ಸಿನಿಂದ ಬಿದ್ದು ಬಲಗೈ ಮುರಿದುಕೊಂಡ ಮೇಲೆ ನನ್ನ ಬೆರಳುಗಳು ಅರ್ಧ ಮಡಚಿ ನಿಂತುಬಿಡುತ್ತಿದ್ದವು. ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಬೆರಳು ಪೂರ್ತಿ ಮಡಚದಿದ್ದರೆ ಆ ಕೆಲಸದ ಆಸೆ ಬಿಡಬೇಕಿತ್ತು. ಕತ್ತರಿಯಂಥದ್ದನ್ನು ದಿನಾ ಒತ್ತುತ್ತಿರಿ ಎಂದರು ಡಾಕ್ಟರು. ರಜೆಯಲ್ಲಿ ಬಂದಿದ್ದ ಗಂಡ, ಭಾಗಗಳನ್ನು ಕತ್ತರಿಯಿಂದ ಬಿಡಿಸಿ ಅಂಟಿಸಿ ಕಟ್ಟುವ ಒಂದು ಪ್ಲಾಸ್ಟಿಕ್ ಹಡಗಿನ ಕಿಟ್ ಕೊಟ್ಟು ದುಬೈಗೆ ಮರಳಿದರು. ಮನೆಯಲ್ಲಿ ಉಳಿದದ್ದು ಅತ್ತೆ ಮತ್ತು ನಾನು.

ಕಿಟ್ಟಿನ ಬಿಡಿಭಾಗಗಳು ಚೌಕಟ್ಟುಗಳಿಗೆ ಅಂಟಿಕೊಂಡೇ ಬರುತ್ತವೆ. ಯಾವುದು ಎಲ್ಲಿಗೆ ಎಂದು ಹೇಳುವ ನಂಬರು ಇರುವುದು ಚೌಕಟ್ಟಿನ ಮೇಲೆ, ಭಾಗದ ಮೇಲಲ್ಲ. ಹೆಸರು ಬರೆಯದ ರಕ್ತದ ಟ್ಯೂಬು ಕಂಡರೆ ಮೈ ಉರಿಯುವವಳು ನಾನು. ಆ ದಿನಕ್ಕೆ ಬೇಕಾದಷ್ಟನ್ನೇ ಕತ್ತರಿಸಿ, ಒಗ್ಗರಣೆ ಡಬ್ಬಿಯ ಬಟ್ಟಲುಗಳಲ್ಲಿ ನಂಬರಿನ ಚೀಟಿ ಹಾಕಿ ಇಡುತ್ತಿದ್ದೆ. ಉಳಿದವನ್ನು ಮುಟ್ಟುತ್ತಿರಲಿಲ್ಲ.

ಮೊನ್ನೆ ವಿದ್ಯಾನಗರದಲ್ಲಿ ಡಾಕ್ಟರಿಗೆ ಕೈ ತೋರಿಸಿ ಬಂದಾಗ ಮೇಜು ಫಳಫಳ ಹೊಳೆಯುತ್ತಿತ್ತು. ಚೌಕಟ್ಟು ಒಂದೂ ಇಲ್ಲ. ಬಟ್ಟಲುಗಳ ತುಂಬ ಹಡಗಿನ ಅಷ್ಟೂ ಭಾಗಗಳು, ಸಣ್ಣದು ಸಣ್ಣದರ ಜೊತೆ, ದೊಡ್ಡದು ದೊಡ್ಡದರ ಜೊತೆ.

“ಎಲ್ಲ ಕತ್ತರಿಸಿ ಇಟ್ಟಿದ್ದೇನೆ,” ಎಂದರು ಅತ್ತೆ ಖುಷಿಯಿಂದ. “ಆ ಕತ್ತರಿ ಒತ್ತುವಾಗ ನಿನ್ನ ಮುಖ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಇನ್ನು ಅಂಟಿಸಿದ್ರೆ ಆಯ್ತು.”

“ಚೌಕಟ್ಟುಗಳು ಎಲ್ಲಿ ಅತ್ತೆ?”

“ಅದು ಎಂತಕ್ಕೆ? ಪಂಚಾಯತಿನವರು ಪ್ಲಾಸ್ಟಿಕ್ ಕೊಂಡೋಗ್ಲಿಕ್ಕೆ ಬಂದಿದ್ರು. ತೊಳೆದು, ತುಂಡು ಮಾಡಿ ಕೊಟ್ಟೆ.”

ಇಷ್ಟು ಚಂದ ಜೋಡಿಸಿಯೂ ಒಂದು ವಸ್ತುವನ್ನು ಹಾಳು ಮಾಡಲು ಸಾಧ್ಯವೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ರಾಶಿ ರಾಶಿ ಬೂದು ಚೂರುಗಳು, ಒಂದಕ್ಕೂ ಗುರುತಿಲ್ಲ. ಇನ್ನು ಕತ್ತರಿಸಲಿಕ್ಕೂ ಏನೂ ಉಳಿದಿಲ್ಲ. ಪ್ರೀತಿಯಿಂದ ಮಾಡಿದ್ದಕ್ಕೆ ಬೈಯುವುದು ಹೇಗೆ? ಬೈಯದೆ ಇರುವುದಾದರೂ ಹೇಗೆ?

“ಆ ಕತ್ತರಿಯೇ ನನಗೆ ಮದ್ದು ಅತ್ತೆ!” ಎಂದು ಕಿರುಚಿ ಮೇಜಿಗೆ ಗುದ್ದಿದೆ. ಬಟ್ಟಲುಗಳು ಮಗುಚಿ ಚೂರುಗಳೆಲ್ಲ ನೆಲದ ಪಾಲಾದವು.

ಅತ್ತೆ ಹಿಂದೆ ಸರಿದರು. “ಎಂತ, ನನಗೆ ಹೊಡಿಯುದಾ ನೀನು?”

ಇಲ್ಲ ಎನ್ನಲು ಕೈ ಎತ್ತಿದವಳು ಹಾಗೇ ನಿಂತೆ. ಗುದ್ದಿದ್ದು ಬಲಗೈ. ಕಿರುಬೆರಳೂ ಸೇರಿ ಐದೂ ಅಂಗೈಯೊಳಗೆ ಮಡಚಿಕೊಂಡಿದ್ದವು. ನೋವಿಗೆ ಕಣ್ಣಲ್ಲಿ ನೀರು ಬಂತು, ಆದರೆ ಕೈಯಿಂದ ಕಣ್ಣು ತೆಗೆಯಲಾಗಲಿಲ್ಲ.

ಅತ್ತೆ ಹತ್ತಿರ ಬಂದು ಬಗ್ಗಿ ನೋಡಿದರು.

“ತೆರೀಬೇಡ,” ಎಂದರು ಮೆಲ್ಲನೆ, ನನ್ನ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು. “ಹಾಗೇ ಇರು ಮಗಾ. ದುಬೈಗೆ ವೀಡಿಯೊ ಕಾಲ್ ಮಾಡುವ.”