ಕಿರುಬೆರಳಿಗೆ ತೆರೆದ ಬಿಜಾಗರಿ

ಗುರುಗುಂಟಾದ ಸಾಹುಕಾರರೊಬ್ಬರ ವಾಡೆಯ ತಲೆಬಾಗಿಲಿಗೆ ಬಿಜಾಗರಿ ಹೊಡೆದು ಕೂಡಿಸಿದವನು ಕಮ್ಮಾರ ಕಾಳಪ್ಪ. ಒಂದೊಂದು ಕದ ಎತ್ತಲು ಆರು ಆಳು ಬೇಕಾಗಿತ್ತಂತೆ. ಕದ ನಿಲ್ಲಿಸಿದ ಮೇಲೆ ಕಾಳಪ್ಪ ಅದನ್ನು ಎಡಗೈ ಕಿರುಬೆರಳಿನಿಂದ ತಳ್ಳಿದ. ಕದ ಕಿರ್ ಅನ್ನದೆ ಹೋಗಿ ಗೋಡೆಗೆ ಒರಗಿತು. ಆಮೇಲೆಯೇ ಅವನು ಎಲೆ ಅಡಿಕೆಗೆ ಕೈಚಾಚಿದ್ದು. ಅವನ ಮಗ ಗಂಗಪ್ಪ ಮೂರು ಊರಿನ ಬಂಡಿ ಗಾಲಿಗಳಿಗೆ ಕಬ್ಬಿಣದ ಹಳಿ ಏರಿಸಿದವನು. ಗಂಗಪ್ಪನ ಮಗ ಈರಪ್ಪ, ಗೊರೇಬಾಳದ ಹತ್ತಿರ ಕಾಲುವೆಯ ತೂಬಿನ ಬಾಗಿಲು ಕಚ್ಚಿಕೊಂಡು ಕೂತಾಗ, ಎದೆಮಟ್ಟ ನೀರಿನಲ್ಲಿ ಅರ್ಧ ದಿನ ನಿಂತು ಬಿಡಿಸಿ ಬಂದವನು. ಮೂವರಿಗೂ ಅದೊಂದು ವಾಡಿಕೆ. ಹೊಸ ಬಾಗಿಲು ಕಿರುಬೆರಳಿಗೆ ತೆರೆಯಬೇಕು, ಸಪ್ಪಳ ಆಗಬಾರದು. ಸಪ್ಪಳ ಆದರೆ ಎಲೆ ಅಡಿಕೆ ಮುಟ್ಟದೆ ಬಿಚ್ಚಿ ಮತ್ತೆ ಕೂಡಿಸಬೇಕು.

ಈರಪ್ಪನ ಮಗ ಮಾನಪ್ಪನಿಗೆ ಈಗ ಎಪ್ಪತ್ತೊಂದು. ಮಸ್ಕಿಯಲ್ಲಿ ಅವನ ಕುಲುಮೆ ಇನ್ನೂ ಇದೆ, ಆದರೆ ಬಿಜಾಗರಿ ಕೇಳಿಕೊಂಡು ಬರುವವರು ಇಲ್ಲ. ಅವು ಅಂಗಡಿಯಲ್ಲಿ ಜೋಡಿಜೋಡಿಯಾಗಿ ಪೊಟ್ಟಣದೊಳಗೆ ಸಿಗುತ್ತವೆ. ಕುಡುಗೋಲು, ಕೊಡಲಿಯ ಬಾಯಿ ಹಣಿಯುವ ಕೆಲಸ ಬಂದರೆ ಬಂತು, ಇಲ್ಲವಾದರೆ ಇಲ್ಲ. ಹೆಂಡತಿ ಆದೆಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮನೆ ನಡೆಸುತ್ತಿದ್ದವಳು ಮಗಳು ನಾಗವೇಣಿ. ಹುಟ್ಟಿದ ಎರಡನೇ ವರ್ಷಕ್ಕೆ ಪೋಲಿಯೊ ಆಗಿ ಅವಳ ಬಲಗಾಲು ಸಣ್ಣದಾಗಿ ಉಳಿದಿತ್ತು. ಕೂತಲ್ಲೇ ಮಾಡುವ ಕೆಲಸ ಬೇಕೆಂದು ತಾನೇ ಟೈಪಿಂಗ್ ಕಲಿತು, ಲ್ಯಾಪ್‌ಟಾಪ್ ಕೊಂಡು, ಲಿಂಗಸುಗೂರಿನ ಪ್ರೆಸ್ಸೊಂದಕ್ಕೆ ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದಳು. ಪರೀಕ್ಷೆಯ ಎರಡು ತಿಂಗಳ ದುಡಿಮೆಯಲ್ಲಿ ಅವರ ವರ್ಷದ ಜೋಳ, ಅಕ್ಕಿ ಎಲ್ಲಾ ಬರುತ್ತಿತ್ತು.

ಈ ಸಲ ಪರೀಕ್ಷೆ ಹತ್ತಿರ ಬಂದಾಗಲೇ ಲ್ಯಾಪ್‌ಟಾಪಿನ ಮುಚ್ಚಳ ಬಿಗಿಯಾಗಿ, ತೆರೆದಾಗಲೆಲ್ಲ ಮೂಲೆಯಲ್ಲಿ ಚಟ್ ಚಟ್ ಅನ್ನತೊಡಗಿತು.

“ಅಪ್ಪಾ, ನಾ ಲಿಂಗಸುಗೂರಿಗೆ ಹೋಗಿ ಪ್ರೂಫ್ ಕೊಟ್ಟು ಬರತೀನಿ. ಇದನ್ನ ನಾಳಿ ಸಿಂಧನೂರಿಗೆ ಒಯ್ದು ಇಶ್ತಿಯಾಕ್ ಭಾಯ್ ಕಡೆ ರಿಪೇರಿ ಮಾಡಿಸ್ತೀನಿ,” ಅಂದಳು ನಾಗವೇಣಿ.

“ಏನಾಗೇತಿ ಅದಕ್ಕ?”

“ಬಿಜಾಗರಿ ಹೋಗೇತಿ.”

ಮಾನಪ್ಪ ಬೀಡಿ ಕೆಳಗಿಟ್ಟ. “ಬಿಜಾಗರಿ ಮಾಡೋರ ಮನ್ಯಾಗ ಹುಟ್ಟಿ, ಬಿಜಾಗರಿ ರಿಪೇರಿಗಂತ ಸಿಂಧನೂರಿಗೆ ಹೋಗತಿಯೇನ? ನಿಮ್ಮ ಮುತ್ತಜ್ಜ ಕೇಳಿದ್ರ ಗೋರ್ಯಾಗಿಂದ ಎದ್ದು ಬಂದಾನು.”

“ಬಂದ್ರ ಚಾ ಮಾಡಿ ಕೊಡು. ಇದು ಬಾಗಲಲ್ಲಪ್ಪ, ಮುಟ್ಟಬ್ಯಾಡ,” ಎಂದು ನಕ್ಕು ನಾಗವೇಣಿ ಬಸ್ ಸ್ಟ್ಯಾಂಡಿನ ಕಡೆ ಆಟೋ ಹತ್ತಿದಳು.

ಮಾನಪ್ಪ ಮಧ್ಯಾಹ್ನದವರೆಗೆ ಮುಟ್ಟಲಿಲ್ಲ. ಊಟ ಮಾಡಿ ಅಡ್ಡಾದ, ನಿದ್ದೆ ಹತ್ತಲಿಲ್ಲ. ಎಷ್ಟೋ ವರ್ಷದ ಮೇಲೆ ಮನೆಗೆ ಒಂದು ಬಿಜಾಗರಿ ಕೆಲಸ ಬಂದಿದೆ, ಅದೂ ಮಗಳದು. ಎದ್ದು ಕುಲುಮೆಗೆ ಒಯ್ದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ತನ್ನ ಟವೆಲ್ ಹಾಸಿ ಇಟ್ಟ. ಹೊಲಿಗೆ ಮಷಿನ್ನಿನ ಸಣ್ಣ ಸ್ಕ್ರೂಡ್ರೈವರಿನಿಂದ ಅಡಿಯ ಮುಚ್ಚಳ ಬಿಚ್ಚಿದ. ಒಳಗೆ ಕಿರುಬೆರಳಿನಷ್ಟೂ ಇಲ್ಲದ ಎರಡು ಉಕ್ಕಿನ ಬಿಜಾಗರಿ. ಒಂದರ ಬುಡದ ಪ್ಲಾಸ್ಟಿಕ್ ಸೀಳು ಬಿಟ್ಟಿತ್ತು. ನಟ್ಟು ಕೊರಳು ಹಿಚುಕಿದ ಹಾಗೆ ಬಿಗಿದಿತ್ತು. ‘ಯಾವ ಹುಚ್ಚ ಬಿಗದಾನ ಇದನ್ನ?’ ಅಂದುಕೊಂಡು ಎರಡೂ ನಟ್ಟು ಸಡಿಲಿಸಿದ, ಬಂಡಿ ಅಚ್ಚಿಗೆ ಹಾಕುವ ಔಡಲೆಣ್ಣೆಯನ್ನು ಎರಡೆರಡು ಹನಿ ಬಿಟ್ಟ, ಅಡಿಯನ್ನು ಮತ್ತೆ ಮುಚ್ಚಿದ.

ಎಡಗೈ ಕಿರುಬೆರಳು ಕೊಟ್ಟು ಪರದೆಯ ಮುಚ್ಚಳ ಎತ್ತಿದ. ಹೂವಿನ ಎಸಳಿನ ಹಾಗೆ ಎದ್ದಿತು, ಸಪ್ಪಳವಿಲ್ಲ.

ಆ ಗಳಿಗೆಯಲ್ಲಿ ಮಾನಪ್ಪನಿಗೆ ಆದಷ್ಟು ಸಂತೋಷ ಆದೆಮ್ಮ ಹೋದ ಮೇಲೆ ಎಂದೂ ಆಗಿರಲಿಲ್ಲ. ಮಗ್ಗುಲ ಮನೆಯ ಮೆಹಬೂಬ್‌ಬೀಗೆ ಕೇಳುವಂತೆ, “ಭಾಬಿ, ಬರ್ರಿ ಇಲ್ಲೆ, ಒಂದು ತಮಾಷೆ ತೋರಸ್ತೀನಿ!” ಎಂದು ಕೂಗುತ್ತಾ ಬೆರಳು ತೆಗೆದ. ಎಲ್ಲಿ ಬಿಟ್ಟನೋ ಅಲ್ಲಿ ಮುಚ್ಚಳ ನಿಲ್ಲಲಿಲ್ಲ. ಹಿಂದಕ್ಕೆ ಬಿತ್ತು. ಸೀಳಿದ್ದ ಪ್ಲಾಸ್ಟಿಕ್ ಕಿತ್ತು ಬಂತು, ಮುಚ್ಚಳದ ಬೆನ್ನು ಅಡಿಗಲ್ಲಿನ ಹಿಂದೆ ನಿಲ್ಲಿಸಿದ್ದ ದೊಡ್ಡ ಸುತ್ತಿಗೆಯ ತಲೆಗೆ ಬಡಿದು ಗಾಜಿನ ಪರದೆ ಒಡೆಯಿತು. ಮೆಹಬೂಬ್‌ಬೀ ಸೆರಗು ಸರಿಮಾಡಿಕೊಳ್ಳುತ್ತಾ ಬರುವಷ್ಟರಲ್ಲಿ ಮಾನಪ್ಪ ಅದರ ಮೇಲೆ ಟವೆಲ್ ಮುಚ್ಚಿ ಕೂತಿದ್ದ.

“ಏನ ತಮಾಷೆ ಮಾನಪ್ಪಣ್ಣ?”

“ಏನಿಲ್ಲ ಭಾಬಿ. ಹೋಗ್ರಿ.”

ಸಂಜೆ ನಾಗವೇಣಿ ಬಂದು ಟವೆಲ್ ತೆಗೆದು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಮಾನಪ್ಪನಿಗೂ ತಿರುಗಿ ಏನಾದರೂ ಅನ್ನಲು ಬರುತ್ತಿತ್ತು. ಎಣ್ಣೆಯಾದ ಜಾಗವನ್ನು ತನ್ನ ವೇಲಿನಿಂದ ಒರೆಸಿ, “ಏಳನೇ ಕ್ಲಾಸಿನ ಪೇಪರ್ ಬಾಕಿ ಇತ್ತು,” ಅಂದಳು, ಅಷ್ಟೇ.

ಮರುದಿನ ಇಬ್ಬರೂ ಸಿಂಧನೂರಿಗೆ ಹೋದರು. ದಾರಿಯುದ್ದಕ್ಕೂ ಮಾನಪ್ಪ ಹೇಳಬೇಕಾದ ಮಾತನ್ನು ಬಾಯೊಳಗೆ ಹೊರಳಿಸಿಕೊಂಡು ಕೂತಿದ್ದ: ‘ಇದು ನನ್ನ ಕೈಲೆ ಆದದ್ದು.’ ಇಶ್ತಿಯಾಕ್ ಯಂತ್ರವನ್ನು ಬೋರಲು ಹಾಕಿ, ಬಿಚ್ಚಿ, ಮೂಸಿ ನೋಡಿ ಜೋರಾಗಿ ನಕ್ಕ.

“ಔಡಲೆಣ್ಣಿ! ಯಾ ಅಲ್ಲಾ, ಇದನ್ನೇನು ಎತ್ತಿನ ಬಂಡಿ ಅಂತ ತಿಳಕೊಂಡ್ರೇನು? ಯಾವ ಉಸ್ತಾದ್ ಕೈ ಆಡಿಸ್ಯಾನ ಅಕ್ಕ?”

ಮಾನಪ್ಪ ಬಾಯಿ ತೆರೆದ. ಅಷ್ಟರಲ್ಲಿ ನಾಗವೇಣಿ, “ನಾನ ಮಾಡೀನಿ ಭಾಯ್. ಗೊತ್ತಾಗಲಿಲ್ಲ,” ಅಂದುಬಿಟ್ಟಳು.

“ಕಮ್ಮಾರ ಮನಿ ಮಗಳಾಗಿ ಹಿಂಗ ಮಾಡಿದ್ರ ಹೆಂಗ? ಅಪ್ಪಾರಿಗೆ ಕೇಳಬೇಕಿತ್ತಿಲ್ಲೋ. ನೋಡ್ರಿ ಚಾಚಾ, ನಿಮಗ ತಿಳೀತದ. ಬಾಗಲ ಬಿಜಾಗರಿ ಸಡ್ಲ ಇರಬೇಕು. ಇದು ಬಿಗಿನೇ ಇರಬೇಕು, ಬಿಟ್ಟ ಕಡೆ ಮುಚ್ಚಳ ನಿಲ್ಲಬೇಕಲ್ಲ. ಬುಡದ ಪ್ಲಾಸ್ಟಿಕ್ ಅಷ್ಟೇ ಹೋಗಿತ್ತು. ಹಂಗ ತಂದಿದ್ರ ಒಂದು ತಾಸಿನ ಕೆಲಸ.”

ಮಾನಪ್ಪ ತಲೆಯಾಡಿಸಿದ, ತನಗೆ ಮೊದಲೇ ಗೊತ್ತಿದ್ದವನ ಹಾಗೆ.

ಪರದೆ ಹೈದರಾಬಾದಿನಿಂದ ಬರಲು ಹನ್ನೆರಡು ದಿನ ಹಿಡಿಯಿತು. ಪರೀಕ್ಷೆ ಯಾರಿಗೂ ಕಾಯುವುದಿಲ್ಲ. ಪ್ರೆಸ್ಸಿನವರು ಕೆಲಸವನ್ನು ಲಿಂಗಸುಗೂರಿನದೇ ಒಬ್ಬರಿಗೆ ಕೊಟ್ಟರು. ಅವರಿಗೆ ಅಲ್ಲೇ ಅನುಕೂಲವಾಯಿತು, ಕೆಲಸ ಮತ್ತೆ ಮಸ್ಕಿಗೆ ಬರಲಿಲ್ಲ. ಲ್ಯಾಪ್‌ಟಾಪ್ ರಿಪೇರಿಯಾಗಿ ಬಂತು. ಮುಚ್ಚಳ ಬಿಟ್ಟಲ್ಲಿ ನಿಲ್ಲುತ್ತದೆ, ಆದರೆ ಈಗ ಅದು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಗೋಡೆಯ ಗೂಡಿನಲ್ಲಿದೆ. ನಾಗವೇಣಿ ಸಿಂಧನೂರಿನ ಝೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಮಾನಪ್ಪ ಬಸ್ ಸ್ಟ್ಯಾಂಡಿನವರೆಗೆ ಹೋಗುತ್ತಾನೆ. ಅವಳು ಎರಡೂ ಕೈಯಲ್ಲಿ ಸರಳು ಹಿಡಿದು, ಮೊದಲು ಎಡಗಾಲು ಇಟ್ಟು, ಆಮೇಲೆ ಬಲಗಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲೆ ಇಡುವುದನ್ನು ಹುಣಸೆ ಮರದ ಹಿಂದೆ ನಿಂತು ನೋಡುತ್ತಾನೆ. ಕುಲುಮೆಗೆ ಬೆಂಕಿ ಹಾಕಿ ಎರಡು ತಿಂಗಳಾಯಿತು.

ಮಳೆಗಾಲದಲ್ಲಿ ಮನೆಯ ಬಾಗಿಲು ಕಿರುಗುಟ್ಟತೊಡಗಿತು. ಈರಪ್ಪ ಕೂಡಿಸಿದ ಬಾಗಿಲು ಅದು, ಐವತ್ತು ವರ್ಷ ಉಸಿರು ಬಿಟ್ಟಿರಲಿಲ್ಲ. ಓಣಿಯವರು, “ಕಮ್ಮಾರನ ಬಾಗಲನ ಅಳಾಕತ್ತೈತಲ್ಲೋ,” ಎಂದು ನಗಾಡಿದರು. ಮಾನಪ್ಪ ಎಣ್ಣೆ ಬಿಡಲಿಲ್ಲ. ಒಂದು ಸಂಜೆ ನಾಗವೇಣಿ ಕೆಲಸದಿಂದ ಬಂದವಳೇ ಚೀಲದಿಂದ ಸಣ್ಣ ಡಬ್ಬಿಯೊಂದನ್ನು ತೆಗೆದಳು.

“ಇಶ್ತಿಯಾಕ್ ಭಾಯ್ ಕೊಟ್ಟಾನಪ್ಪ. ಬಾಗಲಿಗೆ ಹೊಡದ್ರ ಸಪ್ಪಳ ನಿಲ್ಲತೈತಂತ. ನಿನ್ನ ಕೈ ನಡಗತಾವು, ನಾನ ಹೊಡೀಲೇನು?”

ಮಾನಪ್ಪ ಡಬ್ಬಿಯನ್ನು ನೋಡಿದ. ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟಿದ್ದ ಅವಳ ಕಾಲು ನೋಡಿದ. ಬಲಗಾಲಿನ ಹಿಮ್ಮಡಿ ಬಾತಿತ್ತು.

“ಬ್ಯಾಡವ್ವ, ತಗದಿಡು. ಹಂಗ ಕಿರ್ ಅನ್ನಲಿ. ನನ್ನ ಕಣ್ಣು ಮಬ್ಬಾಗ್ಯಾವ. ನೀ ಮನಿ ಮುಟ್ಟಿದ್ದು ನನಗ ಅದ್ರಾಗನ ಗೊತ್ತಾಗತೈತಿ.”