ಹೊಲಿದವರೇ ಮೊದಲು ಕೂರಬೇಕು

ಕಳೆದ ವರ್ಷ ಬೇಸಿಗೆ ಮುಗಿದು ಮುಂಗಾರಿನ ಗಾಳಿ ಏಳುವ ಹೊತ್ತಿನಲ್ಲಿ ನಡೆದದ್ದು ಇದು. ಹರಿಹರದ ರೈಲ್ವೆ ಸ್ಟೇಷನ್ ಕಡೆ ನಮ್ಮದೊಂದು ಸಣ್ಣ ಅಂಗಡಿ. ಲಾರಿಗೆ ತಾಡಪತ್ರಿ, ಟ್ರ್ಯಾಕ್ಟರಿಗೆ ಸೀಟು, ಜೋಕಾಲಿಗೆ ಕ್ಯಾನ್ವಾಸು ಹೊಲಿಯುವುದು ಅಪ್ಪನಿಂದ ನನಗೆ ಬಂದ ಕೆಲಸ. ವಯಸ್ಸು ಐವತ್ತು ದಾಟಿದರೂ ಒಂದು ಚಾಳಿ ಬಿಟ್ಟಿಲ್ಲ. ಹೊಲಿಗೆ ಇರುವ ಏನನ್ನು ಕಂಡರೂ ತಿರುವಿ ಒಳಮಗ್ಗುಲು ನೋಡಲೇಬೇಕು. ಮದುವೆ ಮನೆಯಲ್ಲಿ ಪಕ್ಕ ಕೂತವರ ಸೆರಗಿನ ಅಂಚನ್ನೂ ಬಿಟ್ಟವಳಲ್ಲ. ಅದಕ್ಕಾಗಿ ಬೈಸಿಕೊಂಡದ್ದೂ ಉಂಟು.

ಒಂದು ಸಂಜೆ ರುದ್ರೇಶ ಎಂಬುವನು ಹೆಂಡತಿ ಶೈಲಾಳ ಜೊತೆ ಬಂದ. ಇಬ್ಬರದೂ ಮರದ ಕೆಲಸ. ಅವನು ಹಗ್ಗದಲ್ಲಿ ನೇತಾಡುತ್ತಾ ಮೇಲೆ ಕೊಂಬೆ ಕೊಯ್ಯುತ್ತಾನೆ, ಅವಳು ಕೆಳಗೆ ನಿಂತು ಕೊಯ್ದ ಕೊಂಬೆಯನ್ನು ಇನ್ನೊಂದು ಹಗ್ಗದಲ್ಲಿ ಇಳಿಸುತ್ತಾಳೆ. ಸೊಂಟಕ್ಕೂ ಎರಡು ತೊಡೆಗೂ ತೊಡುವ ಅಗಲ ಪಟ್ಟಿಗಳ ಬೆಲ್ಟೊಂದನ್ನು ನನ್ನ ಮುಂದೆ ಹಾಕಿದ. ಬಲತೊಡೆಯ ಪಟ್ಟಿ ಸೊಂಟಕ್ಕೆ ಸೇರುವ ಕಡೆ ಉಜ್ಜಿ ಉಜ್ಜಿ ಹೊಲಿಗೆ ಬಿಟ್ಟಿತ್ತು.

"ಹೊಸಾದಕ್ಕೆ ಹೇಳೀನಿ ಅಕ್ಕಾ, ಇನ್ನೂ ಬಂದಿಲ್ಲ. ನಾಳೆ ದಾವಣಗೆರೆ ಸರಸ್ವತಿ ನಗರದಾಗೆ ಒಂದು ಬೇವಿನ ಮರ ಐತೆ. ಒಣಗಿದ ಕೊಂಬೆ ಮನೆ ಶೀಟಿನ ಮ್ಯಾಲೇ ವಾಲಿಕೊಂಡೈತೆ. ಗಟ್ಟಿಯಾಗಿ ಹೊಲಿದು ಕೊಡ್ರಿ" ಅಂದ.

"ಹೊಸಾದು ಬರಲಿ ಅಂದ್ರೆ ಕೇಳಲ್ಲ ನೋಡ್ರಿ ಇವ್ರು" ಅಂದಳು ಶೈಲಾ.

ಗಟ್ಟಿ ಎಂಬ ಮಾತು ಕೇಳಿದರೆ ನನಗೆ ಹುರುಪು. ತಾಡಪತ್ರಿಗೆ ಹಾಕುವ ದಪ್ಪ ಸೂಜಿಯನ್ನೇ ಹಾಕಿ, ಪಟ್ಟಿಗೆ ಅಡ್ಡಡ್ಡವಾಗಿ ಒತ್ತೊತ್ತಾಗಿ ಸಾಲು ಹೊಡೆದೆ. ಅದೂ ಸಾಲದೆಂದು ದಬ್ಬಣದಿಂದ ಕೈಹೊಲಿಗೆಯನ್ನೂ ಹಾಕಿದೆ. ಎಡಗಡೆ ಕಂಪನಿಯವರು ಹಾಕಿದ್ದ ಹೊಲಿಗೆಯಲ್ಲಿ ಅಷ್ಟೊಂದು ಜಾಗ ಖಾಲಿ ಬಿಟ್ಟಿದ್ದನ್ನು ಕಂಡು, ಎಂಥ ಮೈಗಳ್ಳರಪ್ಪಾ ಎಂದು ನಕ್ಕಿದ್ದೆ. ಆಮೇಲೆ ಕಾಲಲ್ಲಿ ಮೆಟ್ಟಿ ಎರಡೂ ಕೈಯಲ್ಲಿ ಎಳೆದು ನೋಡಿದೆ. ಒಂದು ಎಳೆಯೂ ಅಲುಗಲಿಲ್ಲ.

ಅಪ್ಪನದೊಂದು ಪದ್ಧತಿ ಇತ್ತು. ಜೋಕಾಲಿಯಾಗಲಿ, ಗೋಡೆಗೆ ಬಣ್ಣ ಬಳಿಯುವವರು ನೇತಾಡುವ ಪಟ್ಟಿಯಾಗಲಿ, ಮನುಷ್ಯರ ಭಾರ ಹೊರುವಂಥದ್ದನ್ನು ಹೊಲಿದರೆ ಹೊಲಿದವರೇ ಮೊದಲು ಕೂತು ನೋಡಬೇಕು, ಆಮೇಲೆ ಗಿರಾಕಿಗೆ ಕೊಡಬೇಕು. ಹಳೆಯ ಅಂಗಡಿಯ ತೊಲೆಯಲ್ಲಿ ಅದಕ್ಕೆಂದೇ ಕಬ್ಬಿಣದ ಕೊಂಡಿ ಇತ್ತು. ಈಗಿನ ಅಂಗಡಿಯಲ್ಲಿ ತೊಲೆಯೂ ಇಲ್ಲ, ಕೊಂಡಿಯೂ ಇಲ್ಲ. ಮರುದಿನ ಬೆಳಿಗ್ಗೆ ಶೈಲಾಳ ಜೊತೆ ಗೂಡ್ಸ್ ಆಟೋದಲ್ಲಿ ಬಂದ ರುದ್ರೇಶನಿಗೆ ಇದನ್ನು ಹೇಳಿದರೆ ಅವನು ನಕ್ಕ.

"ಅದಕ್ಕೆ ಮರಾನೇ ಬೇಕಲ್ರಿ ಅಕ್ಕಾ."

"ಮರ ಇರೋ ಕಡೀಗೇ ಹೊಂಟೀರಲ್ಲ, ನಡೀರಿ" ಎಂದು ಷಟರ್ ಎಳೆದು ಆಟೋ ಹತ್ತಿದೆ. ಪದ್ಧತಿ ಒಂದು ನೆಪ. ನಿಜ ಹೇಳಬೇಕೆಂದರೆ, ಮನುಷ್ಯ ಹಗ್ಗದಲ್ಲಿ ನೇತಾಡಿಕೊಂಡು ಹೇಗೆ ಮರ ಕೊಯ್ಯುತ್ತಾನೆ ಎಂದು ನೋಡುವ ಆಸೆ ನನಗೆ ರಾತ್ರಿಯೆಲ್ಲ ನಿದ್ದೆ ಕೊಟ್ಟಿರಲಿಲ್ಲ.

ಸರಸ್ವತಿ ನಗರದ ಆ ಮನೆಯ ಹಿತ್ತಲಲ್ಲಿ ಬೇವು ಎತ್ತರವಾಗಿ ಬೆಳೆದಿತ್ತು. ಒಣಗಿದ ಕೊಂಬೆಯ ನೇರ ಕೆಳಗೆ ಮನೆಯೊಡತಿಯ ಅತ್ತೆ ಮಲಗುವ ಶೀಟಿನ ಕೋಣೆ. ರುದ್ರೇಶ ಸೀಸದ ಗುಂಡು ತುಂಬಿದ ಪುಟ್ಟ ಚೀಲಕ್ಕೆ ಸಣ್ಣ ದಾರ ಕಟ್ಟಿ ಮೇಲಕ್ಕೆ ಬೀಸಿ ಎಸೆದ. ಅದು ಒಂದು ಹಸಿ ಕೊಂಬೆಯ ಕವಲು ದಾಟಿ ಆಚೆ ಇಳಿಯಿತು. ಆ ದಾರದ ಹಿಂದೆ ದಪ್ಪ ಹಗ್ಗ ಮೇಲೆ ಹೋಯಿತು. ನಾನು ಚೀಲದ ಹೊಲಿಗೆಯನ್ನೂ ತಿರುವಿ ನೋಡಿದೆ. ಆಮೇಲೆ ಅವನು ಹಗ್ಗಕ್ಕೆ ಹಾಕಿದ ಗಂಟು ನೋಡಿ ಬೆರಗಾದೆ. ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ, ಭಾರ ತೆಗೆದರೆ ಬಳೆಯ ಹಾಗೆ ಜಾರುತ್ತದೆ. ಬಿಚ್ಚಿಸಿ ಇನ್ನೊಮ್ಮೆ ಕಟ್ಟಿಸಿ ನೋಡಿದೆ.

ಶೈಲಾ ಕೊಂಬೆ ಇಳಿಸುವ ಹಗ್ಗವನ್ನು ಮರದ ಬುಡಕ್ಕೆ ಸುತ್ತುತ್ತಿದ್ದಳು. "ಹಿಂಗೆ ಸುತ್ತು ಹಾಕಿದ್ರೆ ಎಂಥಾ ಕೊಂಬೆನೂ ನನ್ನ ಕೈಯಾಗೆ ನಿಲ್ತೈತ್ರಿ. ಹಗ್ಗನ ಕೈಗೆ ಮಾತ್ರ ಸುತ್ಕೋಬಾರ್ದು" ಅಂದಳು.

ಸೀರೆಯನ್ನು ಕಚ್ಚೆಯ ಹಾಗೆ ಸಿಕ್ಕಿಸಿಕೊಂಡು ಬೆಲ್ಟು ತೊಟ್ಟೆ. ಅದನ್ನು ಹಗ್ಗಕ್ಕೆ ಕಟ್ಟಿ ಇಬ್ಬರೂ ಸೇರಿ ಎಳೆದರು, ನನ್ನ ಕಾಲು ನೆಲ ಬಿಟ್ಟಿತು. ಮೊಣಕಾಲೆತ್ತರದಲ್ಲಿ ತೂಗುತ್ತಾ ಕೂತೆ. ಹೊಲಿಗೆ ಜಗ್ಗಲಿಲ್ಲ. ಹೆಮ್ಮೆಯಾಯಿತು.

"ಸಾಕು ಇಳೀರಿ ಅಕ್ಕಾ, ಬಿಸಿಲು ಏರ್ತೈತೆ" ಅಂದ ರುದ್ರೇಶ.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಮ್ಯಾಲೂ ಹಿಂಗೇ ಸುಮ್ನೆ ಕೂತಿರ್ತೀಯೇನೋ ತಮ್ಮಾ?"

"ಇಲ್ರಿ. ಕಾಂಡಕ್ಕೆ ಕಾಲು ಕೊಟ್ಟು ಒಂದ್ ಕಡೀಗೆ ವಾಲಬೇಕು."

"ಹಂಗಾರೆ ಅದನ್ನೂ ನೋಡ್ತೀನಿ" ಎಂದು ಕಾಂಡವನ್ನು ಒದ್ದು ಬಲಕ್ಕೆ ವಾಲಿದೆ.

ಪರ್ ಎಂದು ಸದ್ದಾಯಿತು. ಏನಾಯಿತೆಂದು ತಿಳಿಯುವಷ್ಟರಲ್ಲಿ ಎಡತೊಡೆಯ ಪಟ್ಟಿಗೆ ಒಂದು ಕಾಲು ಸಿಕ್ಕಿಕೊಂಡು, ತಲೆ ಕೆಳಗಾಗಿ, ಭುಜ ನೆಲಕ್ಕೆ ತಾಗಿತ್ತು. ಮನೆಯೊಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ರುದ್ರೇಶನೂ ನಕ್ಕ. ನನ್ನ ಅವಸ್ಥೆಗೆ ನನಗೇ ನಗು ಬಂತು. ಶೈಲಾ ನಗಲಿಲ್ಲ. ನನ್ನನ್ನು ಬಿಡಿಸಿ, ಕಿತ್ತುಹೋದ ತುದಿಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಳು.

ನಾನೂ ನೋಡಿದೆ. ನನ್ನ ದಾರ ಒಂದೂ ಹರಿದಿರಲಿಲ್ಲ. ಹರಿದದ್ದು ಪಟ್ಟಿ, ಅದೂ ನನ್ನ ಸೂಜಿಯ ತೂತಿನ ಸಾಲಿನಲ್ಲೇ. ಕಿರಾಣಿ ಅಂಗಡಿಯವರು ಶಾಂಪೂ ಪೊಟ್ಟಣದ ಸರದಿಂದ ಒಂದನ್ನು ಕಿತ್ತು ಕೊಡುತ್ತಾರಲ್ಲ, ಹಾಗೆ. ಗಟ್ಟಿಯಾಗಲೆಂದು ನಾನು ಹೊಡೆದ ಒಂದೊಂದು ಸಾಲೂ ಪಟ್ಟಿಯನ್ನು ಕೊಯ್ದಿತ್ತು. ಎಡಗಡೆಯ ಕಂಪನಿ ಹೊಲಿಗೆ ನೋಡಿದರೆ, ಅದು ಪಟ್ಟಿಯ ಉದ್ದಕ್ಕೆ ಅಂಕುಡೊಂಕಾಗಿ ಓಡಿತ್ತು. ಅಂಚನ್ನು ಮುಟ್ಟಿಯೇ ಇರಲಿಲ್ಲ. ಆ ಖಾಲಿ ಜಾಗ ಮೈಗಳ್ಳತನವಲ್ಲ ಎಂಬುದು ನನಗೆ ಆಗ ಹೊಳೆಯಿತು.

ತಲೆಯೆತ್ತಿ ಆ ಒಣಕೊಂಬೆ ನೋಡಿದೆ. ನಾನು ಅಂಗಡಿಯಲ್ಲೇ ಉಳಿದಿದ್ದರೆ ಈ ಹೊತ್ತಿಗೆ ಅವನು ಅಲ್ಲಿ ಕೈಯಲ್ಲಿ ಗರಗಸ ಹಿಡಿದು ಬಲಕ್ಕೆ ವಾಲಿರುತ್ತಿದ್ದ.

ರುದ್ರೇಶನಿಗೆ ಇನ್ನೂ ಕೆಲಸದ ಮೇಲೇ ಕಣ್ಣು. "ಬಲತೊಡೀಗೆ ಹಗ್ಗ ಬಿಗಿದು ಹತ್ತಿ ಬರ್ತೀನಿ, ಎಷ್ಟೊತ್ತಿನ ಕೆಲಸ" ಅಂದ.

ಶೈಲಾ ನೇರ ಮರದ ಹತ್ತಿರ ಹೋದಳು. ಬುಡಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿದಳು, ಮೇಲಿನ ಹಗ್ಗವನ್ನೂ ಎಳೆದುಕೊಂಡಳು. ಎಲ್ಲವನ್ನೂ ಸುರುಳಿ ಸುತ್ತಿ ಆಟೋದಲ್ಲಿ ಹಾಕಿ, ಅದರ ಮೇಲೆ ತಾನೇ ಕೂತಳು.

"ಹಗ್ಗ ಬೇಕಂದ್ರೆ ನನ್ನ ಎಬ್ಬಿಸಿ ತಗಳ್ರಿ" ಅಂದಳು.

ಅವನು ನನ್ನ ಮುಖ ನೋಡಿದ. "ಬ್ಯಾಡ ತಮ್ಮಾ" ಅಂದೆ. ಮನೆಯೊಡತಿಯೂ, "ಕೊಂಬೆ ಕೊಯ್ಯೋತನಕ ಅತ್ತೆನ ಒಳಗೆ ಮಲಗಿಸ್ತೀವಿ ಬಿಡ್ರಿ, ಅವಸರ ಬ್ಯಾಡ" ಅಂದರು. ಆಗ ಅವನು ಇಳಿದ ದನಿಯಲ್ಲಿ "ಆತು" ಅಂದ.

ಆಮೇಲೆ ಗಾಳಿ ಬೀಸಿದಾಗೆಲ್ಲ ನನಗೆ ಆ ಕೊಂಬೆಯದೇ ಚಿಂತೆ. ಪುಣ್ಯಕ್ಕೆ ಅದು ಬೀಳಲಿಲ್ಲ. ಒಂದು ದಿನ ಶೈಲಾ ಫೋನ್ ಮಾಡಿದಳು. "ಹೊಸ ಬೆಲ್ಟು ಬಂದೈತ್ರಿ ಅಕ್ಕಾ. ನೀವು ಬಂದು ಕೂಡ್ರಬೇಕು."

"ಅದನ್ನ ನಾನು ಹೊಲಿದಿಲ್ಲವಲ್ಲ ತಂಗಿ."

"ಹೊಲಿದೋರು ಯಾವ ಊರಾಗೆ ಅದಾರೋ ಏನೋ. ನೀವು ಒದ್ದು ನೋಡಿದ್ರೆ ನನಗೆ ಕೆಳಗೆ ನಿಲ್ಲಾಕೆ ಧೈರ್ಯ."

ಹೋದೆ. ಮೊದಲು ಬೆಲ್ಟು ತಿರುವಿ ಒಂದೊಂದು ಹೊಲಿಗೆಯನ್ನೂ ನೋಡಿದೆ. ಆಮೇಲೆ ಕೂತು, ಬಲಕ್ಕೊಮ್ಮೆ ಎಡಕ್ಕೊಮ್ಮೆ, ಅವರು ಸಾಕೆಂದ ಮೇಲೂ ಒದ್ದು ವಾಲಿದೆ. ಏನೂ ಆಗಲಿಲ್ಲ. ಆಮೇಲೇ ರುದ್ರೇಶ ಮೇಲೆ ಹತ್ತಿದ. ಕೊಯ್ದ ಕೊಂಬೆ ಶೈಲಾಳ ಕೈಯ ಹಗ್ಗದಲ್ಲಿ, ಶೀಟಿಗೆ ತಾಗದೆ, ಮೆಲ್ಲಗೆ ಇಳಿದು ಬಂತು. ಅವನು ನೆಲಕ್ಕೆ ಕಾಲಿಡುವ ತನಕ ನಾನು ಕತ್ತು ಇಳಿಸಲಿಲ್ಲ.

ಮರ ಹತ್ತುವವರ ಬೆಲ್ಟಿಗೆ ನಾನು ಮತ್ತೆ ಸೂಜಿ ಹಾಕಿಲ್ಲ. ಕಿತ್ತುಹೋದ ಆ ತುಂಡು ನನ್ನ ಮಷೀನಿನ ಮೇಲಿನ ಮೊಳೆಯಲ್ಲಿ ನೇತಾಡುತ್ತಿದೆ. ಈಗ ದಾವಣಗೆರೆಗೆ ಹೋಗುವಾಗ ಎಲ್ಲಾದರೂ ಮರದಲ್ಲಿ ಹಗ್ಗಕ್ಕೆ ಜೋತುಬಿದ್ದವರು ಕಂಡರೆ, ಬಸ್ಸಿನ ಕಿಟಕಿಯಿಂದ ಕತ್ತು ಚಾಚಿ ಅವರ ಬಲತೊಡೆಯನ್ನೇ ನೋಡುತ್ತೇನೆ. ಪಕ್ಕದ ಸೀಟಿನವರು ಏನಾದರೂ ಅಂದುಕೊಳ್ಳಲಿ.