ಹಿಂದೆ ಬರುವ ಕೆರೆ

ನನಗೆ ನನ್ನ ಅಕ್ಕನ ಮೇಲೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹದಿನಾಲ್ಕು ಹದಿನೈದರ ಮಕ್ಕಳಿಗಾಗಿ ಮಾಯಾಲೋಕದ ಕಾದಂಬರಿ ಬರೆಯುವವಳು ನಾನು. ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ‘ಇದೆಲ್ಲ ನಿಮಗೆ ಎಲ್ಲಿಂದ ಹೊಳೆಯುತ್ತದೆ?’ ನಾನು ಸವಣೂರಿನ ದೊಡ್ಡಹುಣಸೆ ಮರಗಳ ಕಡೆ ಬೊಟ್ಟು ಮಾಡುತ್ತೇನೆ. ಮನೆಯಷ್ಟು ದಪ್ಪದ ಆ ಬೊಡ್ಡೆಗಳನ್ನು ನೋಡಿದ ಯಾರಿಗಾದರೂ ಒಳಗೆ ಇನ್ನೊಂದು ಊರಿರಬೇಕು ಅನ್ನಿಸುತ್ತದೆ ಎನ್ನುತ್ತೇನೆ. ಹಾನಗಲ್ಲಿನ ಗುಡಿಯ ಚಾವಣಿಯಲ್ಲಿ ತಲೆಕೆಳಗಾಗಿ ಅರಳಿರುವ ಕಲ್ಲಿನ ಕಮಲದ ಬಗ್ಗೆಯೂ ಎರಡು ಮಾತು ಸೇರಿಸುತ್ತೇನೆ. ಕೇಳಿದವರು ತಲೆದೂಗುತ್ತಾರೆ. ಅಕ್ಕನ ಸುದ್ದಿ ಮಾತ್ರ ನಾನು ಎತ್ತುವುದಿಲ್ಲ.

ನಮ್ಮ ತವರು ಶಿಗ್ಗಾಂವಿ ತಾಲೂಕಿನ ದುಂಡಸಿ. ಯುಗಾದಿ ಮುಗಿದು ಹೊಲದ ಕೆಲಸ ಕಡಿಮೆಯಾದ ಮೇಲೆ ನಮ್ಮ ಪಡಸಾಲೆಯಲ್ಲಿ ಕೌದಿ ಹೊಲಿಯುವುದು ಶುರುವಾಗುತ್ತಿತ್ತು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ನಾಲ್ಕು ಮೂಲೆಗೆ ನಾಲ್ಕೈದು ಹೆಂಗಸರು ಕೂತು ಒಳಮುಖವಾಗಿ ಹೊಲಿಯುತ್ತ ಬರುತ್ತಿದ್ದರು. ಹೊಲಿಯುವವರಲ್ಲಿ ಒಬ್ಬರು ಕತೆ ಹೇಳಬೇಕು. ಇನ್ನೊಬ್ಬರು ಮಾತು ಮಾತಿಗೆ ‘ಹೂಂ’ ಅನ್ನಬೇಕು. ಹೂಂ ನಿಂತರೆ ಕತೆ ನಿಲ್ಲುತ್ತದೆ, ಕತೆ ನಿಂತರೆ ಸೂಜಿಯೂ ನಿಂತಂತೆಯೇ. ಈ ಹೂಂ ಅನ್ನುವ ಕೆಲಸ ಸೂಜಿಗೆ ದಾರ ಪೋಣಿಸಿ ಕೊಡುವವರದು. ಕಣ್ಣು ಚುರುಕಾಗಿದ್ದ ಸಣ್ಣವಳು ನಾನೇ, ಹಾಗಾಗಿ ದಾರವೂ ನನ್ನದು, ಹೂಂ ಕೂಡ ನನ್ನದು. ಕೊನೆಯ ಸಾಲು ಹೊಲಿಯುವ ಮೊದಲು ಪದರದ ನಡುವೆ ಒಂದು ರೊಟ್ಟಿ ಚೂರು, ಚಿಟಿಕೆ ಬೆಲ್ಲ ಇಟ್ಟು ಮುಚ್ಚುತ್ತಿದ್ದರು. ಕೌದಿ ಹಸಿದಿದ್ದರೆ ಹೊದ್ದವರಿಗೂ ಹಸಿವು ಎಂದು ಅವ್ವ ಹೇಳುತ್ತಿದ್ದಳು.

ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ಅಕ್ಕ ಹನ್ನೆರಡನೇ ವಯಸ್ಸಿಗೇ ಕತೆ ಹೇಳುವ ಜಾಗಕ್ಕೆ ಕೂತಳು. ಯಾವುದೋ ಒಂದು ಮಧ್ಯಾಹ್ನ ಕತೆ ಹೇಳುವ ಹೆಂಗಸು ಬರಲಿಲ್ಲ, ಅಕ್ಕ ‘ನಾ ಹೇಳ್ಲೇನು?’ ಎಂದಳು, ಅಷ್ಟೇ. ಮರದ ಬೊಡ್ಡೆಯೊಳಗೆ ಹೊಕ್ಕ ಹುಡುಗಿಯ ಕತೆ ಅದು. ಎಲ್ಲಿಯೂ ಕೇಳಿದ್ದಲ್ಲ, ಅಲ್ಲೇ ಕೂತು ಕಟ್ಟಿದ್ದು. ಹೆಂಗಸರು ಮುಖ ಎತ್ತದೆ ಕೇಳಿದರು. ನನ್ನ ಹೂಂ ಎಷ್ಟು ಸಲ ತಪ್ಪಿತೆಂದರೆ ಅವ್ವ ನನ್ನ ತೊಡೆ ಚಿವುಟಿದಳು. ಮರುದಿನ ನಾನೂ ಒಂದು ಕತೆ ಹೇಳುತ್ತೇನೆಂದು ಹಟ ಹಿಡಿದೆ. ನಾಲ್ಕು ಮಾತು ಆಡುವಷ್ಟರಲ್ಲಿ ಒಬ್ಬಾಕೆ ಆಕಳಿಸಿ, ‘ಸಾಕ ಬಿಡ ತಂಗಿ, ಮುಂದ ನಿಮ್ಮ ಅಕ್ಕ ಹೇಳ್ಲಿ’ ಎಂದಳು. ಅಂದು ಹೊಟ್ಟೆಯಲ್ಲಿ ಹತ್ತಿದ ಉರಿ ಇನ್ನೂ ಆರಿಲ್ಲ. ನಾನು ಬರೆಯಲು ಶುರುಮಾಡಿದ್ದು ಕಲೆಯ ಸೆಳೆತದಿಂದಲ್ಲ. ಕಾಗದ ಆಕಳಿಸುವುದಿಲ್ಲ, ಅದಕ್ಕೆ.

ಅಕ್ಕನನ್ನು ಸವಣೂರು ತಾಲೂಕಿನ ಹತ್ತಿಮತ್ತೂರಿಗೆ ಕೊಟ್ಟರು. ನಾನು ಹಾನಗಲ್ಲಿಗೆ ಬಂದೆ. ಬಸ್ ನಿಲ್ದಾಣದ ಹತ್ತಿರ ನಮ್ಮದೊಂದು ಝೆರಾಕ್ಸ್ ಅಂಗಡಿ ಇದೆ. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ತಹಶೀಲ್ದಾರ್ ಕಚೇರಿಗೆ ಹೋಗುವವರ ಗದ್ದಲ. ಮಧ್ಯಾಹ್ನ ಎರಡರ ಮೇಲೆ ನೊಣ ಹೊಡೆಯುವ ಕೆಲಸ. ನನ್ನ ಬರವಣಿಗೆ ಆ ಹೊತ್ತಿನದು. ಕಪ್ಪಾಗಿಯೋ ಸೊಟ್ಟವಾಗಿಯೋ ಬಂದು ಕೆಟ್ಟುಹೋದ ಪ್ರತಿಗಳನ್ನು ಎತ್ತಿಟ್ಟುಕೊಂಡು ಅವುಗಳ ಬೆನ್ನಿಗೆ ಬರೆಯುತ್ತೇನೆ. ಯಾರದೋ ಹೊಲದ ಪಹಣಿ ಉತಾರದ ಹಿಂದೆ ನನ್ನ ರಾಕ್ಷಸಿ ಹುಟ್ಟಿದ್ದಾಳೆ, ಯಾರದೋ ಜಾತಿ ಪ್ರಮಾಣಪತ್ರದ ಹಿಂದೆ ನನ್ನ ರಾಜಕುಮಾರ ಸತ್ತಿದ್ದಾನೆ. ಅಧ್ಯಾಯದ ಮಧ್ಯೆ ಒಬ್ಬರು ಬಂದು ಆಧಾರ್ ಕಾರ್ಡು ಚಾಚಿದರೆ ಎದ್ದು ಹೋಗಬೇಕು. ವಾಪಸ್ ಬಂದು ಕೂತಾಗ ವಾಕ್ಯ ಎಲ್ಲಿತ್ತೋ ಅಲ್ಲಿರುವುದಿಲ್ಲ. ಆಗೆಲ್ಲ ಹೊಲಿಯುತ್ತ, ನಗುತ್ತ, ಒಂದು ಎಳೆಯೂ ತಪ್ಪದಂತೆ ಕತೆ ಹೇಳುವ ಅಕ್ಕ ನೆನಪಾಗಿ ಯಂತ್ರದ ಮುಚ್ಚಳವನ್ನು ದಬ್ ಎಂದು ಮುಚ್ಚುತ್ತೇನೆ.

ಮೊದಲ ಕಾದಂಬರಿ ಆ ಮರ ಹೊಕ್ಕ ಹುಡುಗಿಯದೇ. ಪುಸ್ತಕದ ಮುನ್ನುಡಿಯಲ್ಲಿ ಸವಣೂರಿನ ಮರಗಳಿಗೆ ಕೃತಜ್ಞತೆ ಹೇಳಿದೆ. ಮರಗಳು ತಕರಾರು ಮಾಡುವುದಿಲ್ಲವಲ್ಲ. ಅಕ್ಕ ಅದನ್ನು ಎರಡು ದಿನದಲ್ಲಿ ಓದಿ ಫೋನ್ ಮಾಡಿದಳು.

‘ಭಾಳ ಚಲೋ ಬರದೀದಿ ತಂಗಿ. ಖರೆ, ಒಂದ ಮಾತು. ಮರದಾಗ ಹೋದಾಕಿ ಆರ ದಿನ ಅಲ್ಲೇ ಇದ್ಲಲ್ಲ, ಏನ್ ಉಂಡ್ಲು?’

ಮುನ್ನೂರು ಪುಟದಲ್ಲಿ ನನ್ನ ಹುಡುಗಿ ಒಂದು ತುತ್ತೂ ಉಂಡಿರಲಿಲ್ಲ. ಪುಸ್ತಕ ಮೆಚ್ಚಿದವರಾಗಲಿ ಬೈದವರಾಗಲಿ ಅದನ್ನು ಗಮನಿಸಿರಲಿಲ್ಲ. ‘ಅದು ಮಾಯಾಲೋಕ, ಅಲ್ಲಿ ಹಸಿವ ಆಗಂಗಿಲ್ಲ’ ಎಂದು ಸಿಡುಕಿ ಫೋನ್ ಇಟ್ಟೆ. ಕತೆ ಅವಳದೆಂದು ಅವಳು ಅನ್ನಲಿಲ್ಲ. ಆ ಒಂದು ಮಾತಿಗಾಗಿ ನಾನು ಎಷ್ಟು ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆನೋ, ಎಲ್ಲ ಹಾಗೇ ಉಳಿದವು.

ಎರಡನೆಯ ಪುಸ್ತಕದಲ್ಲಿ ಅಕ್ಕನ ಗಾಳಿಯೂ ಸೋಕಬಾರದು ಎಂದು ನಿರ್ಧರಿಸಿದೆ. ನನಗೂ ಸ್ವಂತದ್ದು ಏನಾದರೂ ಇದೆಯೋ, ಅಥವಾ ನಾನು ಇಡೀ ಜನ್ಮ ಅವಳಿಗೆ ಹೂಂ ಅನ್ನುವವಳೇ ಎಂಬುದು ತೀರ್ಮಾನವಾಗಬೇಕಿತ್ತು. ಒಂದು ಮದುವೆಗೆಂದು ಹಿರೇಕೆರೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕೆರೆ ಕಂಡಿತು. ಬಸ್ಸು ಹೋದಂತೆ ಅದೂ ಜೊತೆಗೇ ಬರುತ್ತಿದೆ ಅನ್ನಿಸಿತು. ಮದುವೆಯ ಊಟ ಏನಿತ್ತೆಂಬುದು ನೆನಪಿಲ್ಲ. ಒಬ್ಬ ಹುಡುಗಿ, ಅವಳು ಎಲ್ಲಿ ಹೋದರೂ ಆಕಳ ಹಾಗೆ ಹಿಂದೆ ಬರುವ ಒಂದು ಕೆರೆ. ಯಾರ ಮನೆಗೂ ಅವಳು ಹೋಗುವಂತಿಲ್ಲ, ಹೋದರೆ ಕೆರೆಯೂ ಒಳಗೆ ಬರುತ್ತದೆ. ಹುಡುಗಿ ಊರೂರು ತಪ್ಪಿಸಿಕೊಂಡು ಓಡುತ್ತಾಳೆ. ಅದು ಯಾಕೆ ಹಿಂದೆ ಬಿದ್ದಿದೆ ಎಂಬುದು ಎರಡು ವರ್ಷ ನನಗೇ ಗೊತ್ತಿರಲಿಲ್ಲ. ಕೊನೆಗೊಂದು ಮಧ್ಯಾಹ್ನ ಯಾರದೋ ಉತಾರ ಯಂತ್ರದಿಂದ ಹೊರಬರುವುದನ್ನು ಕಾಯುತ್ತ ನಿಂತಾಗ ಹೊಳೆಯಿತು. ಓಡಿ ಓಡಿ ಸಾಕಾದ ಹುಡುಗಿ ತಿರುಗಿ ನಿಂತು, ಯಾಕೆ ಬೆನ್ನು ಹತ್ತಿದ್ದೀ ಎಂದು ಕೇಳುತ್ತಾಳೆ. ಕೆರೆ ಹೇಳುತ್ತದೆ: ‘ನೀನು ಸಣ್ಣವಳಿದ್ದಾಗ ನನ್ನೊಳಗೊಂದು ಕಲ್ಲು ಒಗೆದಿದ್ದೆ. ಮರಳಿ ಕೊಡೋಣ ಅಂತ ಬಂದೆ.’

ಗಿರಾಕಿ ಹೋದ ಮೇಲೆ ಅಂಗಡಿಯಲ್ಲಿ ಒಬ್ಬಳೇ ನಿಂತು ಅತ್ತೆ. ಅದು ನನ್ನದು. ಅವ್ವ ಕೊಟ್ಟಿದ್ದಲ್ಲ, ಅಕ್ಕ ಕೊಟ್ಟಿದ್ದಲ್ಲ.

ಪುಸ್ತಕ ಅಚ್ಚಿಗೆ ಹೋದ ಬೇಸಿಗೆಯಲ್ಲಿ ಹತ್ತಿಮತ್ತೂರಿಗೆ ಹೋದೆ. ನಿಜ ಹೇಳಬೇಕೆಂದರೆ ಮೆರೆಯಲಿಕ್ಕೆ ಹೋದೆ. ಅಕ್ಕನ ಪಡಸಾಲೆಯಲ್ಲಿ ಕೌದಿ ಹಾಸಿತ್ತು. ಓಣಿಯ ಹೆಂಗಸರೆಲ್ಲ ಇದ್ದರು. ‘ಇವತ್ತ ನಾ ಹೇಳ್ತೇನಿ’ ಎಂದು ಕೆರೆಯ ಕತೆ ಎತ್ತಿದೆ. ಪುಸ್ತಕದಲ್ಲಿ ಬರೆದ ವರ್ಣನೆಯನ್ನೆಲ್ಲ ಬಾಯಿಪಾಠ ಒಪ್ಪಿಸಿದೆ. ಒಬ್ಬರು ಬೆಂಡೆಕಾಯಿ ವಿಚಾರ ತೆಗೆದರು. ಪಕ್ಕದ ಮನೆಯ ಮುದುಕಿ, ಓಣಿಗೆಲ್ಲ ಆಯಿ ಅನ್ನಿಸಿಕೊಂಡವಳು, ಗೋಡೆಗೆ ಒರಗಿ ಗೊರಕೆ ಹೊಡೆದಳು. ಕೊನೆಯವರೆಗೂ ಹೂಂ ಅಂದವಳು ಅಕ್ಕ ಒಬ್ಬಳೇ. ಅದೂ ಎಂಥ ಹೂಂ! ಕಲ್ಲಿನ ಮಾತು ಬಂದಾಗ ಅವಳ ಸೂಜಿ ನಿಂತಿತು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅದು ಬೇಕಿರಲಿಲ್ಲ. ಆಯಿಯ ಗೊರಕೆ ನಿಲ್ಲಬೇಕಿತ್ತು, ಓಣಿಯ ಸೂಜಿಗಳೆಲ್ಲ ನಿಲ್ಲಬೇಕಿತ್ತು. ಮುಖ ಗಂಟು ಹಾಕಿಕೊಂಡು ಸಂಜೆಯ ಬಸ್ಸಿಗೆ ಹೊರಟುಬಂದೆ. ಪುಸ್ತಕ ಬಂತು, ಅಲ್ಲೊಂದು ಇಲ್ಲೊಂದು ಮಾತು ಬಂತು, ಸುಮ್ಮನಾಯಿತು.

ಇದಾಗಿ ಮೂರು ಬೇಸಿಗೆ ಕಳೆದಿವೆ. ಈ ವರ್ಷ ಪರೀಕ್ಷೆ ಮುಗಿದ ವಾರ ತಡಸದಲ್ಲಿ ಒಂದಷ್ಟು ಹೈಸ್ಕೂಲು ಮಕ್ಕಳೊಂದಿಗೆ ಮಾತನಾಡಲು ಕರೆದಿದ್ದರು. ನಾನು ಉತ್ಸಾಹದಿಂದ ಕೆರೆಯ ಕತೆಯನ್ನೇ ಹೇಳಲು ಶುರುಮಾಡಿದೆ. ಎರಡನೇ ಸಾಲಿನಲ್ಲಿದ್ದ ಎರಡು ಜಡೆಯ ಹುಡುಗಿ ಎದ್ದು ನಿಂತಳು.

‘ಮೇಡಂ, ಇದು ನಿಮ್ಮ ಕತಿ ಅಲ್ಲರಿ.’

‘ಮತ್ತ ಯಾರದವಾ?’

‘ಹಳೇ ಕಾಲದ್ದ ಐತ್ರಿ. ನಮ್ಮ ಅತ್ತಿ ಹತ್ತಿಮತ್ತೂರಾಕಿ, ಆಕಿ ಹೇಳ್ತಾಳ್ರಿ. ಆ ಕೆರಿ ಕಲ್ಲ ಕೊಡಾಕ ಬಂದಿರ್ತೈತಿ. ನೀವು ಕೇಳಿ ಬರದೀರಿ, ಹೌದಿಲ್ಲೋ?’

ಅಲ್ಲಿದ್ದ ಶಿಕ್ಷಕಿ ಹುಡುಗಿಯನ್ನು ಗದರಿ ಕೂರಿಸಿದರು. ನಾನು ನಕ್ಕೆ. ಆ ನಗುವನ್ನು ಹೇಗೆ ತಂದುಕೊಂಡೆನೋ ನನಗೇ ಗೊತ್ತಿಲ್ಲ. ನನ್ನ ಬಾಯಲ್ಲಿ ಸತ್ತ ಕತೆ ಅಕ್ಕನ ಬಾಯಲ್ಲಿ ಎದ್ದು ತಡಸದವರೆಗೆ ನಡೆದು ಬಂದಿದೆ! ಹಾನಗಲ್ಲಿಗೆ ಹೋಗಬೇಕಾದವಳು ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ, ಸವಣೂರಿನಲ್ಲಿ ಇನ್ನೊಂದು ಹಿಡಿದು, ಮಧ್ಯಾಹ್ನ ಮೂರಕ್ಕೆ ಹತ್ತಿಮತ್ತೂರು ಮುಟ್ಟಿದೆ. ದಾರಿಯುದ್ದಕ್ಕೂ ಬೈಗುಳ ಪೋಣಿಸಿಕೊಂಡೇ ಹೋದೆ.

ಪಡಸಾಲೆಯಲ್ಲಿ ಕೌದಿ, ಅದೇ ಹೆಂಗಸರು, ಅದೇ ಆಯಿ. ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

‘ನನ್ನ ಕತಿ ಯಾರಿಗೆ ಹೇಳಿದಿ?’

‘ಎಲ್ಲಾರಿಗೂ ಹೇಳೇನಿ,’ ಅಂದಳು, ತಂಬಿಗೆಯಲ್ಲಿ ನೀರು ಕೊಡುತ್ತ. ‘ಅಷ್ಟ ಚಲೋ ಕತಿ, ಹೆಂಗ ಸುಮ್ಮನ ಇರ್ಲಿ? ನಮ್ಮ ತಂಗಿ ಬರದಾಳ ಅಂತ ಹೇಳೇ ಹೇಳಿನಿ. ಅವರು ಕತಿ ಅಷ್ಟ ಹಿಡಕೊಂಡು ಉಳದದ್ದು ಬಿಟ್ಟ ಬಿಟ್ರು. ನಾ ಏನ್ ಮಾಡ್ಲಿ?’

ಈಗಲಾದರೂ ಅವಳು ಮರದ ಕತೆಯ ಮಾತು ತೆಗೆಯುತ್ತಾಳೆಂದು ಕಾದೆ. ನೀನು ನನ್ನ ಕತೆ ಒಯ್ದಾಗ ನನ್ನ ಸುದ್ದಿ ಎಲ್ಲಿ ಬರೆದಿದ್ದಿ ಎಂದು ಒಂದೇ ಒಂದು ಸಲ ಕೇಳಿದ್ದರೆ ನಾನು ಜಗಳ ಮಾಡಿ ಹಗುರಾಗುತ್ತಿದ್ದೆ. ಕೇಳಲಿಲ್ಲ. ‘ಬಿಸಲಾಗ ಬಂದೀದಿ, ಮೊದ್ಲ ನೀರ ಕುಡಿ’ ಅಂದಳು. ಆ ದೊಡ್ಡತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಹೊರಗಿನಿಂದ ಆಯಿ ಕೂಗಿದಳು: ‘ಕತಿ ನಿಂತೈತಿ, ಹೂಂ ಅನ್ನಾಕ ಯಾರರ ಬರ್ರಿ!’

ಅಕ್ಕ ಒಂದು ಸೂಜಿ, ದಾರದುಂಡೆ ನನ್ನ ಕೈಗಿಟ್ಟಳು. ಹೋಗಿ ಆಯಿಯ ಎದುರು ಕೂತೆ.

‘ಇದು ನಮ್ಮವ್ವ ಹೇಳ್ತಿದ್ದ ಕತಿ,’ ಎಂದು ಆಯಿ ಹೊಸದಾಗಿ ಸೇರಿದ ಸೊಸೆಯೊಬ್ಬಳಿಗೆ ತಿಳಿಸಿ ಮುಂದುವರಿಸಿದಳು. ‘ಹುಡುಗಿ ಮುಂದ, ಕೆರಿ ಹಿಂದ. ಹೊಂಟ್ಲು, ಹೊಂಟ್ಲು.’

‘ಹೂಂ,’ ಎಂದೆ. ನನ್ನ ಗಂಟಲು ನನಗೇ ಎಂಟು ವರ್ಷದ ಹುಡುಗಿಯದರಂತೆ ಕೇಳಿಸಿತು.

‘ಹಸಿವಾತು. ಗಂಟಿನಾಗ ಒಂದ ರೊಟ್ಟಿ ಇತ್ತು. ಅರ್ಧ ತಾ ತಿಂದ್ಲು. ಅರ್ಧ, ತಿರುಗಿ ನೋಡದನ, ಬೆನ್ನ ಹಿಂದ ಇಟ್ಲು. ಕೆರಿನೂ ನಡದ ನಡದ ದಣಿದಿತ್ತಲ್ಲ, ಅದೂ ತಿಂತು.’

ನಾನು ಹೂಂ ಅನ್ನುವುದನ್ನು ಮರೆತೆ. ಇದು ನನ್ನ ಪುಸ್ತಕದಲ್ಲಿ ಇರಲಿಲ್ಲ. ಎರಡು ವರ್ಷ ಆ ಕೆರೆಯನ್ನು ಓಡಾಡಿಸಿದವಳು ನಾನು, ಅದು ದಣಿದಿರಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಯಾರು ಸೇರಿಸಿದರೋ, ಅಕ್ಕನೋ, ಆಯಿಯೋ, ಬೆಂಡೆಕಾಯಿ ಮಾತಾಡಿದ ಆ ಹೆಂಗಸೋ. ನನ್ನದಕ್ಕಿಂತ ಚೆನ್ನಾಗಿತ್ತು. ಅಳು ಬರುವಷ್ಟು ಚೆನ್ನಾಗಿತ್ತು.

‘ಹೂಂ ಅನ್ನವಾ,’ ಎಂದು ಆಯಿ ಗದರಿದಳು.

‘ಹೂಂ.’

ಕತೆ ನಡೆದು ನಡೆದು ಹುಡುಗಿ ತಿರುಗಿ ನಿಂತಲ್ಲಿಗೆ ಬಂತು. ಕೆರೆ ಕಲ್ಲಿನ ಮಾತು ಹೇಳಿತು, ನಾನು ಬರೆದಂತೆಯೇ, ಒಂದು ಶಬ್ದವೂ ಬದಲಾಗದೆ. ಪಡಸಾಲೆಯಲ್ಲಿ ಸೂಜಿಗಳು ನಿಂತವು. ಹೊಸ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ದುಂಡಸಿಯ ಆ ಮಧ್ಯಾಹ್ನದಿಂದ ನಾನು ಬಯಸುತ್ತ ಬಂದಿದ್ದು ಇಷ್ಟೇ. ಅದು ನನ್ನ ಕಣ್ಣೆದುರಿಗೇ, ನನ್ನದೇ ಮಾತಿಗೇ ಆಯಿತು, ಮತ್ತು ಅಲ್ಲಿದ್ದವರಲ್ಲಿ ಒಬ್ಬರೂ ನನ್ನ ಕಡೆ ನೋಡಲಿಲ್ಲ.

ರೊಟ್ಟಿ ಚೂರು, ಬೆಲ್ಲ ಒಳಗಿಟ್ಟು ಕೊನೆಯ ಸಾಲು ಹೊಲಿಯುವಾಗ ಆಯಿ ಕಣ್ಣು ಕಿರಿದು ಮಾಡಿ ನನ್ನನ್ನು ಗುರುತು ಹಿಡಿದಳು.

‘ನೀ ಈಕಿ ತಂಗಿ ಹೌದಲ್ಲ? ಪುಸ್ತಕ ಬರಿತೀದಿ ಅಂತಾರ. ಇಂಥಾದ್ದೊಂದು ಬರಿಯಬಾರದೇನವಾ?’

ಅಕ್ಕ ಬಾಯಿ ತೆರೆದಳು. ಅವಳು ಏನು ಹೇಳಲು ಹೊರಟಿದ್ದಾಳೆಂದು ನನಗೆ ಗೊತ್ತಿತ್ತು. ಅವಳಿಗಿಂತ ಮೊದಲು ನಾನೇ ‘ಹೂಂ’ ಎಂದೆ, ಆಯಿಯ ಸೂಜಿಗೆ ದಾರ ಪೋಣಿಸಿ ಕೊಟ್ಟೆ.